ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಫ್ಲ್ಯಾಶ್ ಹಾಕಿದಾಗ ಯಾವ ಕಾಂಪೆನ್ಸೇಷನ್ ತಿರುಗಿಸಬೇಕು?

ಫ್ಲ್ಯಾಶ್ ಕೊಂಡ ಹೊಸತು. ಗೆಳೆಯನೊಬ್ಬನನ್ನು ಕಿಟಕಿ ಪಕ್ಕ ಕೂರಿಸಿ ಫೋಟೋ ತೆಗೆಯುತ್ತಿದ್ದೆ. ಆಚೆ ಸಂಜೆ ಬೆಳಕು. ಮೊದಲ ಫೋಟೋದಲ್ಲಿ ಅವನ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬಂತು. ಬೆಳಕು ಜಾಸ್ತಿ ಆಯಿತು ಅಂದುಕೊಂಡು ಕ್ಯಾಮೆರಾದ ಪ್ಲಸ್-ಮೈನಸ್ ಗುಂಡಿ ಒತ್ತಿ ಒಂದು ಸ್ಟಾಪ್ ಇಳಿಸಿದೆ, ಅಂದರೆ ಬೆಳಕನ್ನು ಅರ್ಧ ಮಾಡಿದೆ. ಕಿಟಕಿಯಾಚೆಯ ಆಕಾಶಕ್ಕೆ ಒಳ್ಳೇ ಬಣ್ಣ ಬಂತು, ಮುಖ ಮಾತ್ರ ಹಾಗೇ ಇತ್ತು. ಇನ್ನೊಂದು ಸ್ಟಾಪ್ ಇಳಿಸಿದೆ. ಈಗ ಕೋಣೆ ಕತ್ತಲು, ಆಕಾಶ ಕತ್ತಲು, ನಡುವೆ ಗೆಳೆಯನ ಮುಖ ಟ್ಯೂಬ್‌ಲೈಟಿನ ಹಾಗೆ. ಕ್ಯಾಮೆರಾ ಕೆಟ್ಟಿದೆ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು.

ಕ್ಯಾಮೆರಾ ಚೆನ್ನಾಗೇ ಇತ್ತು. ಜ್ವರ ಬಂದದ್ದು ಎತ್ತಿಗೆ, ನಾನು ಬರೆ ಹಾಕುತ್ತಿದ್ದದ್ದು ಎಮ್ಮೆಗೆ. ಜಾಸ್ತಿ ಆಗಿದ್ದದ್ದು ಫ್ಲ್ಯಾಶ್ ಬೆಳಕು. ನಾನು ಇಳಿಸುತ್ತಿದ್ದದ್ದು ಕಿಟಕಿ ಬೆಳಕನ್ನು.

ಫ್ಲ್ಯಾಶ್ ಹಾಕಿದ ಮೇಲೆ ಬೆಳಕನ್ನು ತಿದ್ದಲು ನಮಗೆ ನಾಲ್ಕು ದಾರಿಗಳಿವೆ. ಕ್ಯಾಮೆರಾದ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಒಂದು, ಅಂದರೆ ಕ್ಯಾಮೆರಾ ತಾನೇ ಲೆಕ್ಕ ಹಾಕಿದ ಬೆಳಕನ್ನು ಪ್ಲಸ್-ಮೈನಸ್ ಹಾಕಿ ತಿದ್ದುವುದು. ಫ್ಲ್ಯಾಶ್ ಕಾಂಪೆನ್ಸೇಷನ್ ಇನ್ನೊಂದು. ಕ್ಯಾಮೆರಾವನ್ನು ಮ್ಯಾನ್ಯುಯಲ್‌ನಲ್ಲಿಟ್ಟು ಫ್ಲ್ಯಾಶ್ ಮಾತ್ರ ಆಟೋ ಬಿಡುವುದು ಮೂರನೆಯದು. ಎರಡನ್ನೂ ಮ್ಯಾನ್ಯುಯಲ್ ಮಾಡಿಕೊಳ್ಳುವುದು ನಾಲ್ಕನೆಯದು. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಯಾವುದು ಯಾವ ಬೆಳಕನ್ನು ಮುಟ್ಟುತ್ತದೆ ಅಂತ ಗೊತ್ತಿಲ್ಲದಿದ್ದರೆ ನಾಲ್ಕೂ ಕೈಕೊಡುತ್ತವೆ.

ಒಂದು ಫೋಟೋ, ಎರಡು ಬೆಳಕು

ಫ್ಲ್ಯಾಶ್ ಹಾಕಿ ತೆಗೆದ ಫೋಟೋ ಅಂದರೆ ಒಂದರ ಮೇಲೊಂದು ಬಿದ್ದ ಎರಡು ಫೋಟೋ. ಒಂದು, ಅಲ್ಲಿ ಮೊದಲೇ ಇದ್ದ ಬೆಳಕಿನದು. ಬಿಸಿಲು, ಕಿಟಕಿ, ಬಲ್ಬು, ಏನೇ ಇರಲಿ. ಇನ್ನೊಂದು, ಫ್ಲ್ಯಾಶಿನದು. ಶಟರ್ 1/60 ಸೆಕೆಂಡು ತೆರೆದಿದ್ದರೆ ಕೋಣೆಯ ಬೆಳಕು ಅಷ್ಟೂ ಹೊತ್ತು ಒಳಗೆ ಬರುತ್ತಿರುತ್ತದೆ. ಫ್ಲ್ಯಾಶ್ ಮಾತ್ರ ಸುಮಾರು 1/1000 ಸೆಕೆಂಡಿನಲ್ಲಿ ಕೆಲಸ ಮುಗಿಸಿಬಿಡುತ್ತದೆ. ಕಡಿಮೆ ಪವರ್‌ನಲ್ಲಿ ಇನ್ನೂ ಬೇಗ.

ಹಾಗಾಗಿ ಶಟರ್ ಸ್ಪೀಡ್ ಬದಲಿಸಿದರೆ ಫ್ಲ್ಯಾಶಿಗೆ ಏನೂ ಆಗುವುದಿಲ್ಲ. ಬಾಗಿಲು ಒಂದು ಗಂಟೆ ತೆರೆದಿದ್ದರೂ ಒಂದು ನಿಮಿಷ ತೆರೆದಿದ್ದರೂ ಒಳಗೆ ಹಾರಿ ಬಂದ ಗುಬ್ಬಿ ಒಂದೇ ತಾನೇ? ಶಟರ್ ಬದಲಾದಾಗ ಏರುವುದು, ಇಳಿಯುವುದು ಸುತ್ತಲ ಬೆಳಕು ಮಾತ್ರ. ಅಪರ್ಚರ್ (ಲೆನ್ಸಿನೊಳಗಿನ ಕಂಡಿಯ ಅಗಲ) ಮತ್ತು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಂಕಿ) ಹಾಗಲ್ಲ, ಅವು ಎರಡು ಬೆಳಕನ್ನೂ ಮುಟ್ಟುತ್ತವೆ. ಫ್ಲ್ಯಾಶಿನ ಪವರ್ ಮತ್ತು ಫ್ಲ್ಯಾಶಿಗೂ ವ್ಯಕ್ತಿಗೂ ಇರುವ ದೂರ ಫ್ಲ್ಯಾಶ್ ಬೆಳಕನ್ನು ಮಾತ್ರ ಮುಟ್ಟುತ್ತವೆ.

ಇಲ್ಲಿ ಒಂದು ತಿರುವು ಇದೆ. ಫ್ಲ್ಯಾಶ್ ಟಿಟಿಎಲ್ ಎಂಬ ಆಟೋ ವಿಧಾನದಲ್ಲಿದ್ದರೆ, ನೀವು ಅಪರ್ಚರ್ ಮುಚ್ಚಿದಷ್ಟೂ ಅದು ತನ್ನ ಪವರ್ ಏರಿಸಿಕೊಳ್ಳುತ್ತದೆ. ಎಫ್ 4 ಇದ್ದದ್ದನ್ನು ಎಫ್ 5.6 ಮಾಡಿದಿರಿ ಅನ್ನಿ, ಫ್ಲ್ಯಾಶ್ ಎರಡು ಪಟ್ಟು ಹೊಡೆದು ಮುಖವನ್ನು ಮೊದಲಿನಷ್ಟೇ ಇಡುತ್ತದೆ. ಹಾಗಾಗಿ ಟಿಟಿಎಲ್‌ನಲ್ಲಿ, ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿದ್ದರೆ, ಅಪರ್ಚರ್ ಮತ್ತು ಐಎಸ್‌ಒ ಕೂಡ ಸುತ್ತಲ ಬೆಳಕಿನ ಡಯಲ್‌ಗಳೇ ಆಗಿಬಿಡುತ್ತವೆ. ಪುಸ್ತಕದಲ್ಲಿ ಓದಿ ಬಂದವರು ಎಡವುವುದು ಇಲ್ಲೇ.

ಟಿಟಿಎಲ್ ಅಂದರೆ ಲೆನ್ಸಿನ ಮೂಲಕ ಬಂದ ಬೆಳಕನ್ನೇ ಅಳೆದು ಫ್ಲ್ಯಾಶಿನ ಪ್ರಮಾಣ ನಿರ್ಧರಿಸುವ ವಿಧಾನ. 1975ರಲ್ಲಿ ಬಂದ ಒಲಿಂಪಸ್ ಓಎಂ-2 ಇದನ್ನು ಫಿಲ್ಮ್ ಮೇಲೆ ಬಿದ್ದು ಹಿಂದಕ್ಕೆ ಚಿಮ್ಮಿದ ಬೆಳಕನ್ನು ಅಳೆದು ಮಾಡುತ್ತಿತ್ತು. ಸಾಕಷ್ಟು ಬೆಳಕು ಬಂತು ಅನ್ನಿಸಿದ ಕೂಡಲೇ ಫ್ಲ್ಯಾಶ್ ಕಟ್. ಡಿಜಿಟಲ್ ಸೆನ್ಸರ್ ಫಿಲ್ಮಿನ ಹಾಗೆ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವುದಿಲ್ಲ. ಅದಕ್ಕೇ ಈಗಿನ ಕ್ಯಾಮೆರಾಗಳು ಶಟರ್ ತೆರೆಯುವ ಮುಂಚೆ ಒಂದು ಸಣ್ಣ ಪ್ರೀ-ಫ್ಲ್ಯಾಶ್ ಹೊಡೆದು ನೋಡುತ್ತವೆ. ಅದು ಎಷ್ಟು ವಾಪಸ್ ಬಂತು ಅನ್ನುವುದರ ಮೇಲೆ ನಿಜವಾದ ಫ್ಲ್ಯಾಶಿನ ಲೆಕ್ಕ. ಈ ಲೆಕ್ಕಕ್ಕೆ ಮುಖ ಯಾವುದು, ಬಿಳಿ ಅಂಗಿ ಯಾವುದು ಅನ್ನುವುದು ಪೂರ್ತಿ ಗೊತ್ತಾಗುವುದಿಲ್ಲ. ಎಲ್ಲವನ್ನೂ ನಡುಮಟ್ಟದ ಬೂದುಬಣ್ಣಕ್ಕೆ ಎಳೆಯುವುದೇ ಅದರ ಜಾಯಮಾನ. ಕಾಂಪೆನ್ಸೇಷನ್ ಬೇಕಾಗುವುದೇ ಇದಕ್ಕೆ.

ಕ್ಯಾಮೆರಾದ ಎಕ್ಸ್‌ಪೋಷರ್ ಕಾಂಪೆನ್ಸೇಷನ್: ಹಿನ್ನೆಲೆ ಸರಿಯಿಲ್ಲದಾಗ

ಹಿಂದಿನ ಆಕಾಶ ಬೆಳ್ಳಗಾಗಿದೆ, ಅಥವಾ ಹಿಂದಿನ ಕೋಣೆ ಗುಹೆಯ ಹಾಗಿದೆ, ಆದರೆ ಮುಖ ಚೆನ್ನಾಗಿದೆ. ಆಗ ತಿರುಗಿಸಬೇಕಾದ್ದು ಇದನ್ನು. ಅಪರ್ಚರ್ ಪ್ರಯಾರಿಟಿಯಲ್ಲಿ (ಅಪರ್ಚರ್ ನೀವು ಇಟ್ಟು ಶಟರನ್ನು ಕ್ಯಾಮೆರಾಗೆ ಬಿಡುವ ಮೋಡ್) 1/60 ಇದ್ದದ್ದು ಮೈನಸ್ 1 ಹಾಕಿದರೆ 1/125 ಆಗುತ್ತದೆ. ಸುತ್ತಲ ಬೆಳಕು ಅರ್ಧ ಆಯಿತು, ಫ್ಲ್ಯಾಶ್ ಹಾಗೇ ಉಳಿಯಿತು. ಕೆಲವು ಕ್ಯಾಮೆರಾಗಳಲ್ಲಿ ಹಾಗೇ ಉಳಿಯುವುದಿಲ್ಲ, ಆ ಕಥೆ ಸ್ವಲ್ಪ ಮುಂದೆ ಇದೆ.

ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಇದರಷ್ಟು ಸುಲಭದ ಉಪಾಯ ಇನ್ನೊಂದಿಲ್ಲ. ಕ್ಯಾಮೆರಾ ಮೈನಸ್ 1, ಫ್ಲ್ಯಾಶ್ ಸೊನ್ನೆ. ಆಕಾಶದ ಬಣ್ಣ ಗಾಢವಾಗುತ್ತದೆ, ಮುಂದೆ ನಿಂತವರು ಎದ್ದು ಕಾಣುತ್ತಾರೆ. ಮೈನಸ್ 2ಕ್ಕೆ ಹೋದರೆ ನಾಟಕದ ಸ್ಟೇಜಿನ ಹಾಗಾಗುತ್ತದೆ. ಕೆಲವರಿಗೆ ಅದೇ ಇಷ್ಟ, ನನಗೆ ಅಷ್ಟಾಗಿ ಅಲ್ಲ.

ಇದಕ್ಕೆ ಎರಡು ಗೋಡೆಗಳಿವೆ. ಮೇಲಿನದು ಸಿಂಕ್ ಸ್ಪೀಡ್, ಅಂದರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ನಡು ಮಧ್ಯಾಹ್ನದ ಬಿಸಿಲಲ್ಲಿ ಐಎಸ್‌ಒ 100, ಎಫ್ 5.6 ಇಟ್ಟರೆ ಸುಮಾರು 1/800 ಬೇಕು. ಮೈನಸ್ 1 ಅಂದರೆ 1/1600. ಕ್ಯಾಮೆರಾ 1/200ರಲ್ಲೇ ನಿಂತುಬಿಡುತ್ತದೆ. ನೀವು ಡಯಲ್ ಎಷ್ಟು ತಿರುಗಿಸಿದರೂ ಹಿನ್ನೆಲೆ ಬೆಳ್ಳಗೇ ಬರುತ್ತದೆ. ಆಗ ಅಪರ್ಚರನ್ನು ಎಫ್ 11ಕ್ಕೆ, ಮೈನಸ್ 1 ಬೇಕಿದ್ದರೆ ಎಫ್ 16ಕ್ಕೆ ಮುಚ್ಚಬೇಕು, ಅಥವಾ ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು, ಅಥವಾ ಹೈ ಸ್ಪೀಡ್ ಸಿಂಕ್ ಆನ್ ಮಾಡಬೇಕು. ಹೈ ಸ್ಪೀಡ್ ಸಿಂಕ್‌ನಲ್ಲಿ ಫ್ಲ್ಯಾಶ್ ಒಂದೇ ಏಟಿನ ಬದಲು ಸಣ್ಣ ಸಣ್ಣ ಮಿನುಗುಗಳಾಗಿ ಹೊಡೆಯುತ್ತದೆ. ಹಾಗಾಗಿ ಅದರ ಶಕ್ತಿ ಬಹಳ ಇಳಿಯುತ್ತದೆ, ವ್ಯಕ್ತಿ ಹತ್ತಿರವೇ ಇರಬೇಕಾಗುತ್ತದೆ.

ಕೆಳಗಿನ ಗೋಡೆ ಕೈ ನಡುಕ. ಕತ್ತಲ ಕೋಣೆಯಲ್ಲಿ ಹಿನ್ನೆಲೆ ಬೆಳಗಲಿ ಅಂತ ಪ್ಲಸ್ 1 ಹಾಕಿದರೆ ಶಟರ್ 1/8, 1/4ಕ್ಕೆ ಇಳಿಯಬಹುದು. ಫ್ಲ್ಯಾಶ್ ಬಿದ್ದ ಮುಖ ಚೂಪಾಗಿ ಬಂದರೂ ಅದರ ಅಂಚಿನಲ್ಲಿ ಒಂದು ದೆವ್ವದಂಥ ನೆರಳು ಅಲ್ಲಾಡಿದ ಹಾಗೆ ಕಾಣುತ್ತದೆ. ಕೆಲವು ಕ್ಯಾಮೆರಾಗಳು ಸ್ಲೋ ಸಿಂಕ್ (ಫ್ಲ್ಯಾಶ್ ಜೊತೆ ನಿಧಾನದ ಶಟರ್ ಬಿಡುವ ಆಯ್ಕೆ) ಆನ್ ಮಾಡದಿದ್ದರೆ 1/60ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಆಗ ಪ್ಲಸ್ ಹಾಕಿದರೂ ಹಿನ್ನೆಲೆ ಅಲುಗದೆ ಕೂತಿರುತ್ತದೆ.

ಫ್ಲ್ಯಾಶ್ ಕಾಂಪೆನ್ಸೇಷನ್: ಮುಖ ಸರಿಯಿಲ್ಲದಾಗ

ನನ್ನ ಗೆಳೆಯನ ಮುಖಕ್ಕೆ ಬೇಕಿದ್ದ ಮದ್ದು ಇದು. ಮಿಂಚಿನ ಗುರುತಿನ ಪಕ್ಕ ಪ್ಲಸ್-ಮೈನಸ್ ಇರುತ್ತದಲ್ಲ, ಅದೇ. ಮೈನಸ್ 1 ಅಂದರೆ ಫ್ಲ್ಯಾಶ್ ಬೆಳಕು ಅರ್ಧ, ಮೈನಸ್ 2 ಅಂದರೆ ಕಾಲು, ಮೈನಸ್ 3 ಅಂದರೆ ಎಂಟನೇ ಒಂದು ಭಾಗ. ಹಿನ್ನೆಲೆಯನ್ನು ಇದು ಮುಟ್ಟುವುದೇ ಇಲ್ಲ, ಫ್ಲ್ಯಾಶ್ ಬೆಳಕು ಅಲ್ಲಿಗೆ ತಲುಪುತ್ತಿದ್ದರೆ ಮಾತ್ರ ಬೇರೆ ಮಾತು.

ಎಷ್ಟು ಇಳಿಸಬೇಕು? ಇದಕ್ಕೆ ಒಂದು ಸಣ್ಣ ಲೆಕ್ಕ ಇದೆ, ಇದು ತಲೆಯಲ್ಲಿದ್ದರೆ ಊಹೆ ಮಾಡುವ ಕೆಲಸ ತಪ್ಪುತ್ತದೆ. ಮುಖದ ಮೇಲೆ ಸುತ್ತಲ ಬೆಳಕೇ ಸರಿಯಾಗಿ ಬಿದ್ದಿದೆ ಅಂದುಕೊಳ್ಳಿ. ಅದರ ಮೇಲೆ ಫ್ಲ್ಯಾಶೂ ಅಷ್ಟೇ ಬೆಳಕು ಸುರಿದರೆ ಒಟ್ಟು ಎರಡು ಪಟ್ಟು, ಅಂದರೆ ಒಂದು ಸ್ಟಾಪ್ ಜಾಸ್ತಿ. ಫ್ಲ್ಯಾಶನ್ನು ಮೈನಸ್ 1 ಮಾಡಿದರೆ ಒಟ್ಟು ಒಂದೂವರೆ ಪಟ್ಟು, ಸುಮಾರು ಅರ್ಧ ಸ್ಟಾಪಿಗಿಂತ ಚೂರು ಜಾಸ್ತಿ. ಮೈನಸ್ 2 ಮಾಡಿದರೆ ಒಂದೂಕಾಲು ಪಟ್ಟು, ಸುಮಾರು ಮೂರನೇ ಒಂದು ಸ್ಟಾಪ್. ಈ ಕೊನೆಯದು ಕಣ್ಣಿಗೆ ಹೊಡೆಯುವುದಿಲ್ಲ. ನೆರಳು ಮೆತ್ತಗಾಗುತ್ತದೆ, ಕಣ್ಣಲ್ಲಿ ಸಣ್ಣ ಹೊಳಪು ಬರುತ್ತದೆ, ಫ್ಲ್ಯಾಶ್ ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಹಗಲಲ್ಲಿ ಮೈನಸ್ 1ರಿಂದ ಮೈನಸ್ 2ರ ನಡುವೆ ಇಡಿ ಅಂತ ಎಲ್ಲರೂ ಹೇಳುವುದು ಸುಮ್ನೆ ಅಲ್ಲ.

ಬೆಳಕಿಗೆ ಬೆನ್ನು ಹಾಕಿ ನಿಂತವರಿಗೆ ಈ ಲೆಕ್ಕ ಬದಲಾಗುತ್ತದೆ. ಅವರ ಮುಖದ ಮೇಲೆ ಸುತ್ತಲ ಬೆಳಕು ಕಮ್ಮಿ ಇರುವುದರಿಂದ ಫ್ಲ್ಯಾಶೇ ಜಾಸ್ತಿ ಕೆಲಸ ಮಾಡಬೇಕು. ಅಲ್ಲಿ ಮೈನಸ್ 2 ಸಾಲದು. ಮೈನಸ್ 1 ಅಥವಾ ಮೈನಸ್ ಮುಕ್ಕಾಲಿನ ಆಸುಪಾಸು ಶುರು ಮಾಡಿ ನೋಡಬಹುದು.

ಬಣ್ಣವೂ ಕ್ಯಾಮೆರಾದ ಬೆಳಕು ಅಳೆಯುವ ಮೀಟರನ್ನು ಯಾಮಾರಿಸುತ್ತದೆ. ಫ್ರೇಮ್ ತುಂಬ ಬಿಳಿ ಬಟ್ಟೆ ಇದ್ದರೆ ಪ್ರೀ-ಫ್ಲ್ಯಾಶ್ ಜೋರಾಗಿ ವಾಪಸ್ ಬರುತ್ತದೆ, ಕ್ಯಾಮೆರಾ ಅಯ್ಯೋ ಸಾಕು ಅಂದುಕೊಂಡು ಫ್ಲ್ಯಾಶ್ ಇಳಿಸುತ್ತದೆ, ಬಿಳಿ ಬಟ್ಟೆ ಮಾಸಲಾಗಿ ಬರುತ್ತದೆ. ಇಲ್ಲಿ ಪ್ಲಸ್ 2/3 ಅಥವಾ ಪ್ಲಸ್ 1 ಬೇಕು. ಕಪ್ಪು ಕೋಟು ತುಂಬಿದ ಫ್ರೇಮಿಗೆ ಇದರ ಉಲ್ಟಾ. ಕತ್ತಲ ಮೈದಾನದಲ್ಲಿ ಒಬ್ಬರೇ ಸಣ್ಣದಾಗಿ ನಿಂತಿದ್ದರೂ ಹಾಗೇ. ಸುತ್ತಲಿಂದ ಏನೂ ವಾಪಸ್ ಬರದ ಕಾರಣ ಫ್ಲ್ಯಾಶ್ ಜಾಸ್ತಿ ಹೊಡೆದು ಆ ಒಬ್ಬರ ಮುಖ ಸುಟ್ಟುಹೋಗುತ್ತದೆ. ಮೈನಸ್ 1 ಹಾಕಿಕೊಂಡೇ ಶುರು ಮಾಡಿ. ಹಿಂದೆ ಕನ್ನಡಿ ಅಥವಾ ಗಾಜಿದ್ದು ಫ್ಲ್ಯಾಶ್ ನೇರ ವಾಪಸ್ ಹೊಡೆದರೆ ಮಾತ್ರ ಯಾವ ಪ್ಲಸ್ಸೂ ನಂಬಿಕೆಗೆ ಅರ್ಹವಲ್ಲ. ಪಕ್ಕಕ್ಕೆ ಎರಡು ಹೆಜ್ಜೆ ಸರಿದು ನಿಲ್ಲುವುದೇ ಒಳ್ಳೇದು.

ಪ್ಲಸ್ ಹಾಕಿದರೂ ಫೋಟೋ ಬೆಳಗದಿದ್ದರೆ? ಫ್ಲ್ಯಾಶ್ ಆಗಲೇ ಪೂರ್ತಿ ಪವರ್‌ನಲ್ಲಿ ಹೊಡೆಯುತ್ತಿದೆ ಅಂತ ಅರ್ಥ. ಇಲ್ಲದ ಬೆಳಕನ್ನು ಕಾಂಪೆನ್ಸೇಷನ್ ಎಲ್ಲಿಂದ ತರುತ್ತದೆ? ಫ್ಲ್ಯಾಶಿನ ಶಕ್ತಿ ಹೇಳುವ ಗೈಡ್ ನಂಬರನ್ನು ಅಪರ್ಚರಿನಿಂದ ಭಾಗಿಸಿದರೆ ಫ್ಲ್ಯಾಶ್ ಎಷ್ಟು ದೂರ ಹೋಗುತ್ತದೆ ಅಂತ ಸಿಗುತ್ತದೆ. ಐಎಸ್‌ಒ 100ರಲ್ಲಿ ಗೈಡ್ ನಂಬರ್ 36 ಮೀಟರ್ ಇದ್ದರೆ ಎಫ್ 4ರಲ್ಲಿ 9 ಮೀಟರ್, ಎಫ್ 8ರಲ್ಲಿ ನಾಲ್ಕೂವರೆ ಮೀಟರ್. ಪೆಟ್ಟಿಗೆ ಮೇಲೆ 60 ಅಂತ ದೊಡ್ಡದಾಗಿ ಬರೆದಿದ್ದರೆ ಹಿಗ್ಗಬೇಡಿ. ಅದು ಸಾಮಾನ್ಯವಾಗಿ ಫ್ಲ್ಯಾಶಿನ ತಲೆಯನ್ನು ಪೂರ್ತಿ ಜೂಮ್ ಮಾಡಿದಾಗಿನ ಲೆಕ್ಕ. ಫ್ಲ್ಯಾಶನ್ನು ಸೀಲಿಂಗಿಗೆ ಹೊಡೆದು ಬೌನ್ಸ್ ಮಾಡಿದರೆ ಇನ್ನೂ ಎರಡು ಸ್ಟಾಪ್‌ನಷ್ಟು, ಕೆಲವು ಸಲ ಅದಕ್ಕೂ ಜಾಸ್ತಿ ಬೆಳಕು ನಷ್ಟ ಆಗುತ್ತದೆ. ಆಗ ಐಎಸ್‌ಒ ಏರಿಸಿ, ಅಥವಾ ಅಪರ್ಚರ್ ತೆರೆಯಿರಿ, ಅಥವಾ ಹತ್ತಿರ ಹೋಗಿ.

ಗುಂಪು ಫೋಟೋದ ಕಥೆ ಇನ್ನೊಂದು. ಮುಂದಿನ ಸಾಲು 2 ಮೀಟರ್ ದೂರ, ಹಿಂದಿನ ಸಾಲು 4 ಮೀಟರ್ ದೂರ ಇದ್ದರೆ ಹಿಂದಿನವರಿಗೆ ಸಿಗುವುದು ಕಾಲು ಭಾಗ ಬೆಳಕು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಾಗುತ್ತದೆ. ಮುಂದಿನವರು ಬೆಳ್ಳಗೆ, ಹಿಂದಿನವರು ಮಸಿ. ಪ್ಲಸ್ ಹಾಕಿದರೆ ಮುಂದಿನವರು ಹೋದರು, ಮೈನಸ್ ಹಾಕಿದರೆ ಹಿಂದಿನವರು ಹೋದರು. ಇದಕ್ಕೆ ಕಾಂಪೆನ್ಸೇಷನ್ ಮದ್ದೇ ಅಲ್ಲ. ನೀವು ಹಿಂದಕ್ಕೆ ಹೋಗಿ, ಅಥವಾ ಸೀಲಿಂಗಿಗೆ ಬೌನ್ಸ್ ಮಾಡಿ, ಅಥವಾ ಸಾಲುಗಳನ್ನು ಒತ್ತಾಗಿ ನಿಲ್ಲಿಸಿ.

ನಿಮ್ಮ ಕ್ಯಾಮೆರಾ ಯಾವ ಜಾತಿಯದು?

ಒಬ್ಬರು ಕೊಟ್ಟ ಸಲಹೆ ಇನ್ನೊಬ್ಬರ ಕೈಯಲ್ಲಿ ಕೆಲಸ ಮಾಡದೆ ಜಗಳ ಆಗುವುದು ಇಲ್ಲಿ.

ಕ್ಯಾನನ್‌ನಲ್ಲಿ ಎರಡೂ ಡಯಲ್‌ಗಳು ಬೇರೆ ಬೇರೆ ಸಂಸಾರ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಸುತ್ತಲ ಬೆಳಕಿಗೆ, ಫ್ಲ್ಯಾಶ್ ಕಾಂಪೆನ್ಸೇಷನ್ ಫ್ಲ್ಯಾಶಿಗೆ. ಒಂದರ ಗೊಡವೆ ಇನ್ನೊಂದಕ್ಕಿಲ್ಲ. ನಾನು ಇಲ್ಲಿ ತನಕ ಹೇಳಿದ್ದೆಲ್ಲ ಹಾಗೇ ನಡೆಯುತ್ತದೆ.

ನಿಕಾನ್‌ನಲ್ಲಿ ಹಿಂದಿನಿಂದ ಬಂದ ಪದ್ಧತಿ ಬೇರೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಇಡೀ ಫ್ರೇಮಿಗೆ ಅನ್ವಯಿಸುತ್ತದೆ, ಅಂದರೆ ಸುತ್ತಲ ಬೆಳಕೂ ಇಳಿಯುತ್ತದೆ, ಫ್ಲ್ಯಾಶೂ ಇಳಿಯುತ್ತದೆ. ಫ್ಲ್ಯಾಶ್ ಕಾಂಪೆನ್ಸೇಷನ್ ಅದರ ಮೇಲೆ ಕೂಡಿಕೊಳ್ಳುತ್ತದೆ. ಹಿನ್ನೆಲೆ ಮಾತ್ರ ಒಂದು ಸ್ಟಾಪ್ ಇಳಿಯಬೇಕಾದರೆ ಕ್ಯಾಮೆರಾ ಮೈನಸ್ 1, ಫ್ಲ್ಯಾಶ್ ಪ್ಲಸ್ 1 ಹಾಕಬೇಕು. ಮೈನಸ್ಸೂ ಪ್ಲಸ್ಸೂ ಸೇರಿ ಫ್ಲ್ಯಾಶಿನ ಪಾಲಿಗೆ ಸೊನ್ನೆ ಆಗುತ್ತದೆ. ನಿಕಾನ್‌ನಲ್ಲಿ ಫ್ಲ್ಯಾಶ್ ಕಾಂಪೆನ್ಸೇಷನ್ ಸಾಮಾನ್ಯವಾಗಿ ಮೈನಸ್ 3ರಿಂದ ಪ್ಲಸ್ 1ರ ತನಕ ಮಾತ್ರ ಇರುತ್ತದೆ. ಹಾಗಾಗಿ ಕ್ಯಾಮೆರಾ ಬಾಡಿಯಲ್ಲಿ ಈ ಕಸರತ್ತು ಒಂದು ಸ್ಟಾಪಿಗೇ ನಿಲ್ಲುತ್ತದೆ.

2012ರ ಡಿ4 ಕಾಲದಿಂದ ಈಚೆಗೆ ಹಲವು ನಿಕಾನ್ ಬಾಡಿಗಳ ಕಸ್ಟಮ್ ಮೆನುವಿನಲ್ಲಿ ಒಂದು ಆಯ್ಕೆ ಬಂದಿದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಇಡೀ ಫ್ರೇಮಿಗೋ, ಹಿನ್ನೆಲೆಗೆ ಮಾತ್ರವೋ ಅಂತ ನೀವೇ ಹೇಳಬಹುದು. ಸೋನಿ ಕ್ಯಾಮೆರಾಗಳ ಮೆನುವಿನಲ್ಲೂ ಇಂಥದ್ದೇ ಇದೆ. ಸುತ್ತಲ ಬೆಳಕು ಮತ್ತು ಫ್ಲ್ಯಾಶ್ ಎರಡಕ್ಕೂ, ಅಥವಾ ಸುತ್ತಲ ಬೆಳಕಿಗೆ ಮಾತ್ರ. ಒಲಿಂಪಸ್‌ನಲ್ಲೂ ಎರಡು ಕಾಂಪೆನ್ಸೇಷನ್‌ಗಳನ್ನು ಕೂಡಿಸಬೇಕೋ ಬೇಡವೋ ಅಂತ ಆರಿಸಿಕೊಳ್ಳಬಹುದು.

ಯಾವುದು ಒಳ್ಳೇದು? ನನ್ನ ಮಟ್ಟಿಗೆ ಬೇರೆ ಬೇರೆ ಇರುವುದೇ ಒಳ್ಳೇದು. ಒಂದು ಡಯಲ್ ಒಂದು ಕೆಲಸ ಮಾಡಬೇಕು. ಇನ್ನೊಂದು ಪಕ್ಷದ ವಾದದಲ್ಲೂ ಹುರುಳಿಲ್ಲದಿಲ್ಲ. ಫ್ರೇಮ್ ಪೂರ್ತಿ ಬಿಳಿಯಾಗಿದ್ದರೆ ಎರಡು ಬೆಳಕಿನ ಮೀಟರೂ ಒಟ್ಟಿಗೇ ಯಾಮಾರುತ್ತವೆ, ಆಗ ಒಂದೇ ಡಯಲ್‌ನಲ್ಲಿ ಎರಡನ್ನೂ ಪ್ಲಸ್ ಮಾಡುವುದು ಆರಾಮ. ಆದರೆ ಅಂಥ ಫೋಟೋ ದಿನಕ್ಕೆ ಎಷ್ಟು ಬಾರಿ ತೆಗೆಯುತ್ತೀರಿ? ಆಯ್ಕೆ ಇದ್ದರೆ ಹಿನ್ನೆಲೆಗೆ ಮಾತ್ರ ಅಂತ ಇಟ್ಟುಬಿಡಿ.

ನಿಮ್ಮದು ಯಾವ ಜಾತಿ ಅಂತ ಮ್ಯಾನ್ಯುಯಲ್ ಪುಸ್ತಕ ಹುಡುಕದೆಯೂ ಕಂಡುಕೊಳ್ಳಬಹುದು. ರಾತ್ರಿ ದೀಪ ಆರಿಸಿ ಕೋಣೆಯನ್ನು ಹೆಚ್ಚುಕಮ್ಮಿ ಕತ್ತಲು ಮಾಡಿ. ಕ್ಯಾಮೆರಾ ಶಟರ್ ಪ್ರಯಾರಿಟಿಯಲ್ಲಿ 1/125, ಐಎಸ್‌ಒ 100 ಅಂತ ಕಟ್ಟಿಹಾಕಿ, ಆಟೋ ಐಎಸ್‌ಒ ಬೇಡ. ಎರಡು ಮೀಟರ್ ದೂರದ ಒಂದು ವಸ್ತುವಿಗೆ ಟಿಟಿಎಲ್ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯಿರಿ. ಆಮೇಲೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 2 ಮಾಡಿ ಇನ್ನೊಂದು. ಇಷ್ಟು ಕತ್ತಲಲ್ಲಿ ಸುತ್ತಲ ಬೆಳಕಿನ ಪಾಲು ಏನೂ ಇಲ್ಲ, ಇರುವುದೆಲ್ಲ ಫ್ಲ್ಯಾಶಿನದೇ. ಎರಡನೇ ಫೋಟೋ ಕಪ್ಪಾಯಿತೇ? ಹಾಗಾದರೆ ನಿಮ್ಮ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಫ್ಲ್ಯಾಶನ್ನೂ ಮುಟ್ಟುತ್ತದೆ. ಎರಡೂ ಒಂದೇ ಥರ ಬಂದರೆ ಮುಟ್ಟುವುದಿಲ್ಲ. ಐದು ನಿಮಿಷದ ಕೆಲಸ. ನಾನು ಇದನ್ನು ಮಾಡಿದ್ದು ಫ್ಲ್ಯಾಶ್ ಕೊಂಡು ಎರಡು ವರ್ಷ ಆದ ಮೇಲೆ.

ಫ್ಲ್ಯಾಶಿನ ಬೆನ್ನಿನ ಮೇಲೂ ಕಾಂಪೆನ್ಸೇಷನ್ ಗುಂಡಿ ಇರುತ್ತದೆ, ಕ್ಯಾಮೆರಾ ಬಾಡಿಯಲ್ಲೂ ಇರುತ್ತದೆ. ಎರಡರಲ್ಲೂ ಹಾಕಿದರೆ ಕ್ಯಾನನ್‌ನಲ್ಲಿ ಫ್ಲ್ಯಾಶಿನ ಮೇಲೆ ಇಟ್ಟದ್ದೇ ನಡೆಯುತ್ತದೆ, ಬಾಡಿಯದು ಲೆಕ್ಕಕ್ಕಿಲ್ಲ. ನಿಕಾನ್‌ನಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಯಾವುದಾದರೂ ಒಂದು ಜಾಗವನ್ನು ಆರಿಸಿಕೊಂಡು ಅಲ್ಲೇ ಬದಲಿಸುವ ಅಭ್ಯಾಸ ಮಾಡಿಕೊಳ್ಳಿ.

ಒಬ್ಬರ ಮೈನಸ್ 1 ಇನ್ನೊಬ್ಬರ ಮೈನಸ್ 1ಕ್ಕೆ ಸಮ ಅಲ್ಲ ಅನ್ನುವುದೂ ನೆನಪಿರಲಿ. ನಿಕಾನ್‌ನ ಟಿಟಿಎಲ್-ಬಿಎಲ್ ಥರದ ಮೋಡ್ ಸುತ್ತಲ ಬೆಳಕನ್ನು ನೋಡಿ ತಾನೇ ಫ್ಲ್ಯಾಶನ್ನು ತೂಗಿಸಿಕೊಳ್ಳುತ್ತದೆ. ಬೇರೆ ಕೆಲವು ಕೂಡ ಬಿಸಿಲಲ್ಲಿ ತಾವಾಗಿಯೇ ಫ್ಲ್ಯಾಶ್ ತಗ್ಗಿಸುತ್ತವೆ. ನೀವು ಹಾಕುವ ಮೈನಸ್, ಅದು ಆಗಲೇ ತಗ್ಗಿಸಿದ್ದರ ಮೇಲೆ ಬೀಳುತ್ತದೆ. ಹಾಗಾಗಿ ಯಾರೋ ಹೇಳಿದ ಅಂಕಿಯನ್ನು ಶುರುವಿಗೆ ಮಾತ್ರ ಇಟ್ಟುಕೊಳ್ಳಿ. ಒಂದು ಫೋಟೋ ತೆಗೆದು, ನೋಡಿ, ಆಮೇಲೆ ನಿಮ್ಮ ಅಂಕಿ ಕಂಡುಕೊಳ್ಳಿ.

ಕ್ಯಾಮೆರಾ ಮ್ಯಾನ್ಯುಯಲ್, ಫ್ಲ್ಯಾಶ್ ಟಿಟಿಎಲ್: ಒಳಾಂಗಣದಲ್ಲಿ ನನ್ನ ಆಯ್ಕೆ

ಒಂದು ಹಾಲ್, ಜನ ಓಡಾಡುತ್ತಿದ್ದಾರೆ, ದೀಪಗಳು ಮಾತ್ರ ಹಾಗೇ ಇವೆ. ಇಲ್ಲಿ ಅಪರ್ಚರ್ ಪ್ರಯಾರಿಟಿ ಇಟ್ಟರೆ ಕ್ಯಾಮೆರಾ ದೀಪದ ಕಡೆ ತಿರುಗಿದಾಗ ಒಂದು ಶಟರ್, ಕತ್ತಲ ಮೂಲೆಗೆ ತಿರುಗಿದಾಗ ಇನ್ನೊಂದು ಶಟರ್ ಆರಿಸುತ್ತದೆ. ಬೆಳಕು ಬದಲಾಗಿಲ್ಲ, ಕ್ಯಾಮೆರಾದ ಅಭಿಪ್ರಾಯ ಮಾತ್ರ ಬದಲಾಗುತ್ತಿದೆ. ಅದರ ಹಿಂದೆ ಕಾಂಪೆನ್ಸೇಷನ್ ತಿರುಗಿಸುತ್ತಾ ಓಡುವುದಕ್ಕಿಂತ ಮ್ಯಾನ್ಯುಯಲ್‌ನಲ್ಲಿ ಐಎಸ್‌ಒ 800, ಎಫ್ 4, 1/60 ಅಂತ ಒಮ್ಮೆ ಇಟ್ಟುಬಿಡಿ. ಫ್ಲ್ಯಾಶ್ ಇಲ್ಲದೆ ಒಂದು ಫೋಟೋ ತೆಗೆದು ನೋಡಿ. ಹಿನ್ನೆಲೆ ಸಾಮಾನ್ಯಕ್ಕಿಂತ ಒಂದು, ಒಂದೂವರೆ ಸ್ಟಾಪ್ ಕತ್ತಲಿದ್ದರೆ ಸಾಕು. ಇನ್ನು ಹಿನ್ನೆಲೆಯ ಚಿಂತೆ ಬಿಡಿ. ಫ್ಲ್ಯಾಶ್ ಆನ್ ಮಾಡಿ, ದೂರ ಬದಲಾದಂತೆ ಟಿಟಿಎಲ್ ತಾನೇ ನೋಡಿಕೊಳ್ಳುತ್ತದೆ. ನಿಮ್ಮ ಕೈಯಲ್ಲಿ ಉಳಿಯುವುದು ಫ್ಲ್ಯಾಶ್ ಕಾಂಪೆನ್ಸೇಷನ್ ಎಂಬ ಒಂದೇ ಡಯಲ್.

ಈ ದಾರಿಯಲ್ಲಿ ಎರಡು ಹಳ್ಳಗಳಿವೆ, ಬೀಳಬೇಡಿ. ಮೊದಲನೆಯದು ಆಟೋ ಐಎಸ್‌ಒ. ಮ್ಯಾನ್ಯುಯಲ್ ಇಟ್ಟು ಐಎಸ್‌ಒ ಆಟೋ ಬಿಟ್ಟರೆ ಅದು ಮ್ಯಾನ್ಯುಯಲ್ ಆಗಿ ಉಳಿಯುವುದಿಲ್ಲ. ನೀವು ಬೇಕೆಂದೇ ಕತ್ತಲು ಮಾಡಿದ ಹಿನ್ನೆಲೆಯನ್ನು ಕ್ಯಾಮೆರಾ ಐಎಸ್‌ಒ ಏರಿಸಿ ಮತ್ತೆ ಬೆಳಗಿಸಬಹುದು. ಫ್ಲ್ಯಾಶ್ ಹಾಕಿದಾಗ ಆಟೋ ಐಎಸ್‌ಒ ಅಂದರೆ 400 ಅಂತ ಸುಮ್ನೆ ನಿಂತುಬಿಡುವ ಕ್ಯಾಮೆರಾಗಳೂ ಇವೆ. ಎರಡನೆಯದು, ನಿಕಾನ್‌ನಲ್ಲಿ ಇಡೀ ಫ್ರೇಮ್ ಆಯ್ಕೆ ಇದ್ದರೆ ಮ್ಯಾನ್ಯುಯಲ್‌ನಲ್ಲೂ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಫ್ಲ್ಯಾಶನ್ನು ಏರಿಸಿ ಇಳಿಸುತ್ತದೆ. ಶಟರ್, ಅಪರ್ಚರ್ ಅಲುಗಾಡುವುದಿಲ್ಲ, ಆದ್ದರಿಂದ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಹಿಂದಿನ ದಿನದ ಮೈನಸ್ 1 ಅಲ್ಲೇ ಕೂತಿದ್ದರೆ ಎಲ್ಲ ಮುಖಗಳೂ ಮಂಕಾಗುತ್ತವೆ.

ಹೊರಗಡೆ ಮೋಡ ಬಂದು ಹೋಗುತ್ತಿದ್ದರೆ ಇದೇ ಪದ್ಧತಿ ಕಿರಿಕಿರಿ. ಅಲ್ಲಿ ಅಪರ್ಚರ್ ಪ್ರಯಾರಿಟಿ ಮತ್ತು ಎರಡು ಕಾಂಪೆನ್ಸೇಷನ್‌ಗಳೇ ವಾಸಿ.

ಟಿಟಿಎಲ್ ಬಿಟ್ಟು ಫ್ಲ್ಯಾಶನ್ನೂ ಮ್ಯಾನ್ಯುಯಲ್ ಮಾಡಬೇಕೇ?

ದೂರ ಬದಲಾಗದಿದ್ದರೆ ಮಾಡಿ. ಇಷ್ಟೇ ಉತ್ತರ. ಮೇಜಿನ ಮೇಲೆ ವಸ್ತು, ಸ್ಟ್ಯಾಂಡಿನ ಮೇಲೆ ಫ್ಲ್ಯಾಶ್, ಇಪ್ಪತ್ತು ಫೋಟೋ ಒಂದೇ ಥರ ಬರಬೇಕು. ಪವರ್ 1/16 ಅಂತ ಇಟ್ಟರೆ ಮುಂದಿರುವುದು ಬಿಳಿ ಬಟ್ಟಲಾಗಲಿ ಕಪ್ಪು ಬಟ್ಟಲಾಗಲಿ ಫ್ಲ್ಯಾಶ್ ಅಷ್ಟೇ ಬೆಳಕು ಕೊಡುತ್ತದೆ. ಯಾಮಾರಲು ಅಲ್ಲಿ ಮೀಟರೇ ಇಲ್ಲ. ಟಿಟಿಎಲ್ ಆದರೆ ಪ್ರತಿ ಬಟ್ಟಲಿಗೂ ಕಾಂಪೆನ್ಸೇಷನ್ ಬದಲಿಸುತ್ತಾ ಕೂರಬೇಕು, ತಲೆ ಕೆಡುತ್ತದೆ.

ನಿಮ್ಮ ಕಡೆಗೆ ಓಡಿ ಬರುವ ಮಗುವಿಗೆ ಇದು ಆಗದು. 4 ಮೀಟರಿನಿಂದ 2 ಮೀಟರಿಗೆ ಬರುವಷ್ಟರಲ್ಲಿ ಎರಡು ಸ್ಟಾಪ್ ಜಾಸ್ತಿ ಆಗಿಬಿಡುತ್ತದೆ. ಮ್ಯಾನ್ಯುಯಲ್ ಫ್ಲ್ಯಾಶ್ ಮಾತ್ರ ಬಳಸುವವರೇ ನಿಜವಾದ ಫೋಟೋಗ್ರಾಫರ್ ಅಂತ ಒಂದು ಒಣ ಜಂಬ ಅಲ್ಲಲ್ಲಿ ಕೇಳಿಬರುತ್ತದೆ. ಅಂಥವರ ಕೈಗೆ ಒಂದು ಓಡುವ ಮಗುವನ್ನು ಕೊಟ್ಟು ನೋಡಬೇಕು.

ಒಂದು ವಿಷಯ ಮರೆಯಬಾರದು. ಮ್ಯಾನ್ಯುಯಲ್ ಫ್ಲ್ಯಾಶಿಗೆ ಫ್ಲ್ಯಾಶ್ ಕಾಂಪೆನ್ಸೇಷನ್ ಅನ್ವಯಿಸುವುದಿಲ್ಲ. ಅಲ್ಲಿ ಪವರ್ ಅಂಕಿಯೇ ಕಾಂಪೆನ್ಸೇಷನ್. 1/16ರಿಂದ 1/32 ಅಂದರೆ ಮೈನಸ್ 1.

ಲಾಕ್ ಮತ್ತು ರಾ, ಚುಟುಕಾಗಿ

ಕ್ಯಾನನ್‌ನ ಎಫ್‌ಇ ಲಾಕ್, ನಿಕಾನ್‌ನ ಎಫ್‌ವಿ ಲಾಕ್ ಎರಡೂ ಒಂದೇ ಕೆಲಸದವು. ಮುಖವನ್ನು ಫ್ರೇಮಿನ ನಡುವೆ ಇಟ್ಟು ಗುಂಡಿ ಒತ್ತಿದರೆ ಪ್ರೀ-ಫ್ಲ್ಯಾಶ್ ಹೊಡೆದು ಅಳತೆ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಫ್ರೇಮ್ ಬದಲಿಸಿ ತೆಗೆಯಬಹುದು. ವ್ಯಕ್ತಿ ಫ್ರೇಮಿನ ಅಂಚಿನಲ್ಲಿದ್ದಾಗ, ಹಿಂದೆ ಗಾಜಿದ್ದಾಗ ಕಾಂಪೆನ್ಸೇಷನ್ ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು. ಪ್ರೀ-ಫ್ಲ್ಯಾಶ್ ಕಂಡು ಜನ ಫೋಟೋ ಆಯಿತು ಅಂದುಕೊಂಡು ಎದ್ದು ಹೋಗುವುದೊಂದೇ ತೊಂದರೆ.

ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸಿದ ಫೋಟೋ) ಇದೆಯಲ್ಲ, ಆಮೇಲೆ ಸರಿ ಮಾಡಿದರಾಯಿತು ಅನ್ನುವವರಿಗೆ ಒಂದು ಮಾತು. ಕಂಪ್ಯೂಟರಿನ ಎಕ್ಸ್‌ಪೋಷರ್ ಸ್ಲೈಡರಿಗೆ ಎರಡು ಬೆಳಕಿನ ವ್ಯತ್ಯಾಸ ಗೊತ್ತಿಲ್ಲ, ಎರಡನ್ನೂ ಒಟ್ಟಿಗೇ ಎಳೆಯುತ್ತದೆ. ಮಾಸ್ಕ್ ಹಾಕಿ ಮುಖ ಬೇರೆ, ಹಿನ್ನೆಲೆ ಬೇರೆ ಮಾಡಬಹುದು, ಆದರೆ ನೂರು ಫೋಟೋಗೆ ಯಾರು ಮಾಡುತ್ತಾರೆ? ಪೂರ್ತಿ ಬೆಳ್ಳಗೆ ಸುಟ್ಟುಹೋದ ಹಣೆ ಅಂತೂ ಯಾವ ಸ್ಲೈಡರಿಗೂ ವಾಪಸ್ ಬರುವುದಿಲ್ಲ. ಅನುಮಾನ ಇದ್ದಾಗ ಫ್ಲ್ಯಾಶನ್ನು ಮೂರನೇ ಒಂದು ಸ್ಟಾಪ್ ಕಮ್ಮಿಯೇ ಇಡುತ್ತೇನೆ.

ಹಾಗಾದರೆ ಈ ಫೋಟೋಗೆ ಯಾವುದು?

ತೆಗೆದ ಫೋಟೋ ನೋಡಿ, ಸರಿಯಿಲ್ಲದ್ದು ಮುಖವೋ ಹಿನ್ನೆಲೆಯೋ ಅಂತ ಮೊದಲು ಬಾಯಿಬಿಟ್ಟು ಹೇಳಿಕೊಳ್ಳಿ. ಹಾಗೆ ಹೇಳಿಕೊಂಡರೆ ಕೈ ತಪ್ಪು ಡಯಲ್ ಕಡೆ ಹೋಗುವುದಿಲ್ಲ. ಮುಖ ಅಂದರೆ ಫ್ಲ್ಯಾಶ್ ಕಾಂಪೆನ್ಸೇಷನ್. ಹಿನ್ನೆಲೆ ಅಂದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿದ್ದರೆ ಶಟರ್. ಎರಡೂ ಒಂದೇ ದಿಕ್ಕಿಗೆ ಕೆಟ್ಟಿದ್ದರೆ ಎರಡನ್ನೂ ತಿದ್ದಿ. ನಿಮ್ಮದು ಎರಡೂ ಸೇರಿಕೊಳ್ಳುವ ಜಾತಿಯಾದರೆ ಒಂದೇ ಸಾಕು. ಫ್ರೇಮ್ ಬದಲಾದಾಗೆಲ್ಲ ಮುಖದ ಬೆಳಕು ಏರಿಳಿಯುತ್ತಿದ್ದರೆ ಕಾಂಪೆನ್ಸೇಷನ್ ಬಿಟ್ಟು ಲಾಕ್ ಬಳಸಿ, ದೂರ ಬದಲಾಗದಿದ್ದರೆ ಫ್ಲ್ಯಾಶ್ ಮ್ಯಾನ್ಯುಯಲ್ ಮಾಡಿ.

ಕೆಲಸ ಮುಗಿದ ಮೇಲೆ ಎರಡು ಡಯಲ್‌ಗಳನ್ನೂ ಸೊನ್ನೆಗೆ ತನ್ನಿ. ಕ್ಯಾಮೆರಾ ಆಫ್ ಮಾಡಿದರೂ ಕಾಂಪೆನ್ಸೇಷನ್ ತಾನಾಗಿ ಸೊನ್ನೆಗೆ ಬರುತ್ತದೆ ಅಂತ ನಂಬಬೇಡಿ. ಕಿಟಕಿ ಪಕ್ಕದ ಆ ಸಂಜೆಯ ಮೈನಸ್ 2 ನನ್ನ ಕ್ಯಾಮೆರಾದಲ್ಲಿ ಹಾಗೇ ಮಲಗಿತ್ತು. ಮಾರನೇ ದಿನ ಬೆಳಿಗ್ಗೆ ಫ್ಲ್ಯಾಶ್ ಮನೆಯಲ್ಲೇ ಬಿಟ್ಟು ಸುತ್ತಾಡಲು ಹೋದೆ. ಬಿಸಿಲಿಗೆ ಸ್ಕ್ರೀನ್ ಸರಿಯಾಗಿ ಕಾಣುತ್ತಿರಲಿಲ್ಲ. ಮನೆಗೆ ಬಂದು ನೋಡಿದರೆ ಎಂಬತ್ತು ಚಿಲ್ಲರೆ ಫೋಟೋ, ಎಲ್ಲವೂ ನಸುಕಿನಲ್ಲಿ ತೆಗೆದ ಹಾಗಿದ್ದವು.